ಬಿಳಿ ನಿಲುವಂಗಿ, ಕೆಂಪು ನೀರು

ಮೂವತ್ತೊಂದು ವರ್ಷ ಒಂದೇ ಹೋಟೆಲಿನ ಚಾದರ ಒಗೆದವಳನ್ನು ಅದೇ ಹೋಟೆಲಿನಲ್ಲಿ ಅತಿಥಿಯಾಗಿ ಮಲಗಿಸಿದರೆ ಅವಳಿಗೆ ನಿದ್ದೆ ಬರುವುದಿಲ್ಲ. ಇದು ನನ್ನ ವರದಿಯ ಮೊದಲ ಸಾಲು. ಮ್ಯಾನೇಜರು ಪ್ರಾಮಾಣಿಕವಾಗಿ ಬರೆಯಿರಿ ಎಂದಿದ್ದರು, ಬರೆದೆ. ವರದಿಯಲ್ಲಿ ಎರಡು ಪುಟಕ್ಕಿಂತ ಹೆಚ್ಚು ಬರೆಯಲು ಜಾಗವಿರಲಿಲ್ಲ. ಉಳಿದದ್ದನ್ನು ಇಲ್ಲಿ ಹೇಳುತ್ತೇನೆ.

ನನಗೆ ಅರವತ್ತನಾಲ್ಕು ತುಂಬಿದ ವಾರ ಮ್ಯಾನೇಜರ್ ವಿಡ್ಮರ್ ನನ್ನನ್ನು ಮೇಲೆ ಕರೆಸಿದರು. ಅವರು ಕೆಳಗಿನ ಬಯಲು ನಾಡಿನವರು, ನಮ್ಮ ಕಣಿವೆಗೆ ಬಂದು ಎರಡು ವರ್ಷವಷ್ಟೇ ಆಗಿತ್ತು. ಒಳ್ಳೆಯ ಮನುಷ್ಯ, ಆದರೆ ಯಾವ ಮಾತನ್ನೂ ನಗದೆ ಆಡಲಾರರು. ಕೆಟ್ಟ ಸುದ್ದಿಯನ್ನಂತೂ ಇನ್ನೂ ಅಗಲವಾಗಿ ನಗುತ್ತಾ ಹೇಳುತ್ತಾರೆ.

"ಬಾರ್ಬ್ಲಿನಾ ಅವ್ರೇ, ನಿವೃತ್ತಿ ಆದವ್ರಿಗೆ ಗಡಿಯಾರ ಕೊಡೋದೆಲ್ಲ ಹಳೇ ಕಾಲದ್ದಾಯ್ತು. ಶುಕ್ರವಾರದಿಂದ ಭಾನುವಾರದವರೆಗೆ ನಮ್ಮಲ್ಲಿ ಅತಿಥಿಯಾಗಿರಿ. ಊಟ, ಈಜುಕೊಳ, ಸೌನಾ, ಮಸಾಜು, ಎಲ್ಲಾ ನಿಮ್ದೇ."

"ಯಾಕೆ?" ಎಂದೆ. ಪುಕ್ಕಟೆ ಕೊಟ್ಟದ್ದನ್ನು ಯಾಕೆ ಎಂದು ಕೇಳದೆ ತೆಗೆದುಕೊಳ್ಳುವವರು ನಮ್ಮ ಊರಲ್ಲಿ ಇಲ್ಲ.

"ಒಂದೇ ಒಂದು ಷರತ್ತು. ಹೇಗಿತ್ತು ಅಂತ ಪ್ರಾಮಾಣಿಕವಾಗಿ ಬರೆದುಕೊಡ್ಬೇಕು, ಮುಲಾಜಿಲ್ದೆ. ಅದ್ರಲ್ಲೂ ನೆಲಮಾಳಿಗೆಯ ಕೆಂಪುನೀರಿನ ಸ್ನಾನದ ಬಗ್ಗೆ." ಅವರ ನಗು ಅಗಲವಾಯಿತು. "ಸೋಮವಾರ ಮಾಲೀಕರ ಸಭೆ. ಅದನ್ನ ಮುಚ್ಚೋದಾ ಬೇಡ್ವಾ ಅಂತ ನಾನು ಹೇಳ್ಬೇಕು. ನಾನು ಹೇಳಿದ್ದನ್ನ ಅವ್ರು ಕೇಳ್ತಾರೆ."

"ಮುಚ್ಚಿದ್ರೆ ಅಲ್ಲಿ ಕೆಲಸ ಮಾಡೋ ಪೇಡರ್ ಏನ್ ಮಾಡ್ಬೇಕು?"

"ಪೇಡರ್‌ಗೆ ಐವತ್ತೊಂಬತ್ತು. ಏನಾದ್ರೂ ವ್ಯವಸ್ಥೆ ಮಾಡೋಣ. ನೋಡಿ, ಅಲ್ಲಿ ಆರು ತೊಟ್ಟಿ ಇವೆ. ವಾರಕ್ಕೆ ನಾಲ್ಕು ಜನ ಬರ್ತಾರೆ. ನಿಮಗೆ ಖುಷಿಯಾಗ್ಬೇಕಲ್ವಾ? ಆ ಸ್ನಾನ ಮುಚ್ಚಿ ಅಂತ ಮೂವತ್ತು ವರ್ಷದಿಂದ ದೂರು ಬರೀತಾ ಬಂದಿರೋರು ನೀವೇ. ಫೈಲು ಇಷ್ಟು ದಪ್ಪ ಇದೆ."

ಫೈಲು ಅಷ್ಟು ದಪ್ಪ ಇದ್ದದ್ದು ನಿಜ. ಅದರಲ್ಲಿನ ಒಂದೊಂದು ಹಾಳೆಯೂ ನನ್ನ ಕೈಬರಹದ್ದೇ.

ನಮ್ಮ ಊರಿನ ಬೆಟ್ಟದೊಳಗಿಂದ ಬರುವ ಆ ನೀರು ಕಬ್ಬಿಣದ ನೀರು. ಬಂಡೆಯಿಂದ ಹೊರಬೀಳುವಾಗ ತಿಳಿಯಾಗಿಯೇ ಇರುತ್ತದೆ, ಗಾಳಿ ತಗುಲಿದ ಮೇಲೆ ತುಕ್ಕಿನ ಬಣ್ಣಕ್ಕೆ ತಿರುಗುತ್ತದೆ. ಬಿಳಿ ಬಟ್ಟೆಗೆ ಸೋಕಿತೋ, ಮುಗಿಯಿತು ಕಥೆ. ಪೇಡರ್ ಆ ಸ್ನಾನದ ಕೆಲಸದವನು, ಅವನಪ್ಪನೂ ಅದೇ ಕೆಲಸ ಮಾಡಿದವನು. ಸ್ನಾನ ಮಾಡಿದವರನ್ನು ಚಾದರದಲ್ಲಿ ಸುತ್ತಿ ಇಪ್ಪತ್ತು ನಿಮಿಷ ಮಲಗಿಸುತ್ತಾನೆ. ಆಮೇಲೆ ಆ ಚಾದರಗಳನ್ನು ಪುಟ್ಟ ಬಟ್ಟೆ ಲಿಫ್ಟಿನಲ್ಲಿ ಹಾಕಿ ಒಂದು ಮಹಡಿ ಮೇಲಿನ ನನ್ನ ಲಾಂಡ್ರಿಗೆ ಕಳಿಸುತ್ತಾನೆ. ಜೊತೆಗೊಂದು ಚೀಟಿ. "ಇವತ್ತು ಹತ್ತು. ಕಬ್ಬಿಣ ರಕ್ತಕ್ಕೆ ಒಳ್ಳೇದು." ನಾನು ಅದರ ಬೆನ್ನಿಗೆ ಬರೆದು ಕೆಳಗೆ ಕಳಿಸುತ್ತಿದ್ದೆ. "ನಿನ್ನ ಕಬ್ಬಿಣ ನಿನ್ನ ತಲೆ ಮೇಲೆ ಬೀಳ್ಲಿ." ಹೀಗೆ ಮೂವತ್ತೊಂದು ವರ್ಷ. ನಿಂಬೆ ಉಪ್ಪು ಹಚ್ಚಿ, ಬಿಸಿನೀರಲ್ಲಿ ಅದ್ದಿ, ತಿಕ್ಕಿ, ಮತ್ತೆ ಹಚ್ಚಿ ನಾನು ಆ ಕಲೆಗಳನ್ನು ತೆಗೆದೆ. ಈ ಹೋಟೆಲಿನ ಬಿಳುಪಿಗೆ ಕಣಿವೆಯಲ್ಲೇ ಹೆಸರಿದೆ. ಆ ಹೆಸರು ನನ್ನದು ಎಂದು ನಾನು ಯಾರ ಮುಂದೆ ಬೇಕಾದರೂ ಹೇಳುತ್ತೇನೆ.

ಪೇಡರ್ ಮೇಲೆ ನನಗೆ ಇದ್ದದ್ದು ಬರೀ ಸಿಟ್ಟು ಎಂದರೆ ಸುಳ್ಳಾಗುತ್ತದೆ. ನನ್ನ ಗಂಡ ತೀರಿಕೊಂಡ ವಾರ ಕೆಲಸಕ್ಕೆ ಮರಳಿದಾಗ ಲಿಫ್ಟಿನಲ್ಲಿ ಚೀಟಿ ಇರಲಿಲ್ಲ. ಒಗೆದು ಒಣಗಿಸಿದ ಚಾದರಗಳಿದ್ದವು. ಅವನೇ ಒಗೆದಿದ್ದ. ಕಲೆ ಒಂದೂ ಸರಿಯಾಗಿ ಹೋಗಿರಲಿಲ್ಲ. ನಾನು ಬಾಗಿಲು ಹಾಕಿಕೊಂಡು ಅತ್ತು, ಎಲ್ಲವನ್ನೂ ಮತ್ತೆ ಒಗೆದೆ.

ಆದ್ದರಿಂದ ಶುಕ್ರವಾರ ಮಧ್ಯಾಹ್ನ ಪೆಟ್ಟಿಗೆ ಹಿಡಿದು ಹೋಟೆಲಿನ ಮುಂಬಾಗಿಲಿನಿಂದ ಒಳಗೆ ಕಾಲಿಟ್ಟಾಗ (ಆವರೆಗೆ ನಾನು ಹಿಂಬಾಗಿಲಿನವಳು) ನನ್ನ ತಲೆಯಲ್ಲಿ ಎರಡು ಮಾತು ಜಗಳವಾಡುತ್ತಿದ್ದವು. ಆ ಸ್ನಾನ ಮುಚ್ಚಬೇಕೆಂದು ನನಗೆ ನಿಜಕ್ಕೂ ಅನ್ನಿಸುತ್ತಿತ್ತು. ಪೇಡರ್ ಕೆಲಸ ಕಳೆದುಕೊಂಡು ಮನೆಗೆ ಹೋಗುವುದು ಬೇಡ ಎಂದೂ ಅನ್ನಿಸುತ್ತಿತ್ತು. ಎರಡನ್ನೂ ಪ್ರಾಮಾಣಿಕವಾಗಿ ಒಂದೇ ಹಾಳೆಯಲ್ಲಿ ಬರೆಯುವುದು ಹೇಗೆ?

ಕೋಣೆ ಚೆನ್ನಾಗಿತ್ತು. ದಿಂಬಿನ ಚೀಲದ ಗುಂಡಿ ಬಾಗಿಲ ಕಡೆಗೆ ಮುಖ ಮಾಡಿತ್ತು, ಅದು ತಪ್ಪು, ತಿರುಗಿಸಿದೆ. ಬೀರು ತೆರೆದೆ. ಒಳಗೆ ನನ್ನದೇ ಬಿಳಿ ನಿಲುವಂಗಿ ತೂಗುತ್ತಿತ್ತು. ಬಾಗಿಲ ಒಳಮೈಗೆ ನನ್ನದೇ ಸೂಚನೆ ಅಂಟಿಸಿತ್ತು. ಹನ್ನೊಂದು ವರ್ಷದ ಹಿಂದೆ ನನ್ನ ಬೆನ್ನು ಕೈಕೊಟ್ಟ ಚಳಿಗಾಲದಲ್ಲಿ ಬರೆದು ಎಲ್ಲಾ ಕೋಣೆಗಳಿಗೂ ಅಂಟಿಸಿದ್ದು.

"ಕೆಂಪುನೀರಿನ ಸ್ನಾನಕ್ಕೆ ಬಿಳಿ ನಿಲುವಂಗಿ ಧರಿಸಿ ಹೋಗುವುದನ್ನು ಕಟ್ಟುನಿಟ್ಟಾಗಿ ನಿಷೇಧಿಸಲಾಗಿದೆ!! ಬಟ್ಟೆಗೆ ಕಲೆ ಮಾಡಿದವರು ಖುದ್ದಾಗಿ ಲಾಂಡ್ರಿಗೆ ಬಂದು ಮುಖ್ಯಸ್ಥೆಯವರಿಗೆ ವರದಿ ಮಾಡತಕ್ಕದ್ದು!!!"

ಒಂದು ಮೂಲೆ ಬಿಟ್ಟುಕೊಂಡಿತ್ತು. ಉಗುಳು ಹಚ್ಚಿ ಒತ್ತಿದೆ. ಈ ಸೂಚನೆಯ ಬಗ್ಗೆ ನನಗೆ ಹೆಮ್ಮೆಯಿತ್ತು. ವರದಿ ಮಾಡುವವರಿಗಾಗಿ ಲಾಂಡ್ರಿಯಲ್ಲಿ ಒಂದು ಪುಸ್ತಕಕ್ಕೆ ಗೆರೆ ಎಳೆದು ಇಟ್ಟಿದ್ದೆ. ದಿನಾಂಕ, ಕೋಣೆ, ಹೆಸರು, ಕಲೆಯ ಬಗೆ, ಕಾರಣ. ಹನ್ನೊಂದು ವರ್ಷದಲ್ಲಿ ಒಬ್ಬರೂ ಬಂದಿರಲಿಲ್ಲ. ಜನ ಎಷ್ಟು ಜಾಗರೂಕರಾದರು ನೋಡು ಎಂದು ನಾನು ಬೀಗುತ್ತಿದ್ದೆ.

ಸಂಜೆ ಈಜುಕೊಳಕ್ಕೆ ಇಳಿದೆ. ಅಲ್ಲಿ ನಾನು ಮಾಡಿದ ಮೊದಲ ಎಡವಟ್ಟನ್ನು ಮುಚ್ಚಿಡುವುದಿಲ್ಲ. ಕೊಳದ ಸುತ್ತ ಒರಗುಕುರ್ಚಿಗಳು. ಅವುಗಳಲ್ಲಿ ಜನರಿಲ್ಲ, ಬರೀ ಟವೆಲುಗಳು. ಒಂದು ಟವೆಲ್ ಬಿದ್ದಿರುವುದನ್ನು ಕಂಡರೆ ನನ್ನ ಕೈ ನನ್ನನ್ನು ಕೇಳುವುದಿಲ್ಲ. ಒಂದು ತೆಗೆದೆ, ಮೂರು ಮಡಿಕೆ ಮಾಡಿದೆ. ಪಕ್ಕದ್ದು ತೆಗೆದೆ. ಸುತ್ತು ಮುಗಿಯುವಾಗ ಇಪ್ಪತ್ತೆರಡು ಟವೆಲುಗಳು ಅಂಚಿಗೆ ಅಂಚು ಕೂಡಿ ಒಂದೇ ಕಂಬದಂತೆ ನಿಂತಿದ್ದವು. ನೋಡಲು ಎಷ್ಟು ಚೆಂದವಿತ್ತೆಂದರೆ ನಾನು ಎರಡು ಹೆಜ್ಜೆ ಹಿಂದೆ ಸರಿದು ನೋಡಿದೆ.

ಅಷ್ಟರಲ್ಲಿ ಜನ ನೀರಿನಿಂದ ಎದ್ದು ಬರತೊಡಗಿದರು. ತಮ್ಮ ಜಾಗ ಹಿಡಿಯಲೆಂದು ಬೆಳಿಗ್ಗೆಯೇ ಟವೆಲ್ ಹಾಸಿ ಹೋಗಿದ್ದವರು! ನಮ್ಮ ಜನ ಕೂಗಾಡುವುದಿಲ್ಲ. ಅದಕ್ಕಿಂತ ಭಯಂಕರವಾದದ್ದನ್ನು ಮಾಡುತ್ತಾರೆ, ವಿನಯದಿಂದ ಮಾತಾಡುತ್ತಾರೆ.

"ಕ್ಷಮಿಸಿ, ಇಲ್ಲಿ ನನ್ನ ಟವೆಲ್ ಇತ್ತು ಅನ್ಸುತ್ತೆ."

"ಕ್ಷಮಿಸಿ, ಇಲ್ಲಿದ್ದದ್ದು ನನ್ನ ಟವೆಲ್ ಅನ್ಸುತ್ತೆ."

"ಇರ್ಬಹುದು. ಆದ್ರೆ ನಾನು ಏಳು ಗಂಟೆಗೇ ಹಾಸಿದ್ದೆ."

"ನಾನು ಆರೂವರೆಗೆ."

ತೊಟ್ಟಿಕ್ಕುವ ಇಪ್ಪತ್ತೆರಡು ಜನ ಒಬ್ಬರಿಗೊಬ್ಬರು ಕ್ಷಮೆ ಕೇಳುತ್ತಾ, ಚಳಿಗೆ ನಡುಗುತ್ತಾ ನಿಂತಿದ್ದರು. ನಾನು ದೊಡ್ಡ ಹೂಕುಂಡದ ಹಿಂದಿನಿಂದ ಮೆಲ್ಲಗೆ ಸೌನಾದ ಬಿಸಿ ಕೋಣೆಯೊಳಗೆ ನುಸುಳಿದೆ.

ಅಲ್ಲಿ, ಮೇಲಿನ ಹಲಗೆಯ ಮೇಲೆ, ಹುಟ್ಟಿದ ಹಾಗೆ ಕೂತಿದ್ದವರು ನಮ್ಮೂರ ಹಲ್ಲಿನ ಡಾಕ್ಟರು. ಸೌನಾದಲ್ಲಿ ಬಟ್ಟೆ ಹಾಕುವಂತಿಲ್ಲ, ಅದು ಕಟ್ಟಳೆ. ಗುರುತಿನವರು ಕಂಡರೆ ಮಾತಾಡಿಸದೆ ಇರುವಂತಿಲ್ಲ, ಅದೂ ಕಟ್ಟಳೆ.

"ಅಲ್ಲೆಗ್ರಾ, ಡಾಕ್ಟ್ರೇ," ಎಂದು ಚಾವಣಿಯನ್ನು ನೋಡುತ್ತಾ ನಮಸ್ಕರಿಸಿದೆ.

"ಅಲ್ಲೆಗ್ರಾ, ಬಾರ್ಬ್ಲಿನಾ. ಆ ಹಿಂದಿನ ದವಡೆ ಹೇಗಿದೆ? ಎಲ್ಲಿ, ಆ ಅನ್ನಿ."

ಅಂದೆ. ಬೇರೇನು ಮಾಡಲಿ? ಅವರು ಇಣುಕಿ ನೋಡಿ, "ಇನ್ನೊಂದು ವರ್ಷ ಬರುತ್ತೆ," ಎಂದರು. ನಿವೃತ್ತಿಯ ಮೊದಲ ದಿನ ಹೀಗೆ ಮುಗಿಯಿತು.

ಶನಿವಾರ ಬೆಳಿಗ್ಗೆ ತಿಂಡಿಗೆ ನನ್ನನ್ನು ಶ್ರೀಮತಿ ಹೆಲ್ಬ್ಲಿಂಗ್ ಎಂಬವರ ಮೇಜಿಗೆ ಕೂರಿಸಿದರು. ಎಪ್ಪತ್ತರ ಆಸುಪಾಸಿನ ನಿವೃತ್ತ ಟೀಚರು, ವಿಂಟರ್‌ಥೂರ್ ಕಡೆಯವರು, ಎರಡೂ ಮಂಡಿಯಲ್ಲಿ ನೋವು. ಏಳು ವರ್ಷದಿಂದ ಪ್ರತಿ ಶರತ್ಕಾಲಕ್ಕೂ ಇಲ್ಲಿಗೆ ಬರುತ್ತಾರಂತೆ. ತಟ್ಟೆಯ ಚೀಸನ್ನು ಅಳತೆಪಟ್ಟಿ ಇಟ್ಟಂತೆ ಕತ್ತರಿಸುತ್ತಿದ್ದರು. ಅದನ್ನು ನೋಡಿಯೇ ನನಗೆ ಅವರು ಇಷ್ಟವಾದರು.

"ಇವತ್ತು ಏನ್ ಮಾಡ್ತೀರಿ?" ಎಂದು ಕೇಳಿದರು.

"ಕೆಂಪುನೀರಿಗೆ ಹೋಗ್ಬೇಕು ಅಂತಿದೀನಿ. ನಿಮ್ಮ ಮಂಡಿಗೆ ಅದು ಒಳ್ಳೇದಂತಲ್ಲಾ. ಹೇಗಿರುತ್ತೆ?"

ಅವರು ಚಾಕು ಕೆಳಗಿಟ್ಟು, ಎಡಕ್ಕೂ ಬಲಕ್ಕೂ ನೋಡಿ, ನನ್ನ ಕಡೆಗೆ ಬಾಗಿದರು.

"ನಾನು ಹೋಗೇ ಇಲ್ಲ ನೋಡಿ. ಅದಕ್ಕೇ ಅಂತ ಮೊದಲನೇ ವರ್ಷ ಬಂದೆ. ಬೀರು ತೆಗೆದ್ರೆ ಆ ಚೀಟಿ. ನಿಲುವಂಗಿ ಹಾಕ್ಕೊಂಡು ಹೋಗೋ ಹಾಗಿಲ್ಲ. ಮತ್ತೇನು, ಬರೀ ಮೈಯಲ್ಲಿ ಲಿಫ್ಟ್ ಹತ್ತಲಾ? ಸ್ವಂತ ಬಟ್ಟೆ ಹಾಕ್ಕೊಂಡು ಹೋದ್ರೆ ಅದೂ ಹಾಳು. ಕಲೆ ಏನಾದ್ರೂ ಆಯ್ತೋ, ಕಳ್ಳಿ ಥರ ಆ ಲಾಂಡ್ರಿ ಹೆಂಗಸಿನ ಮುಂದೆ ಹೋಗಿ ನಿಂತ್ಕೋಬೇಕು."

ಬಾಯಿಗಿಟ್ಟ ಚಮಚ ನನ್ನ ಬಾಯಲ್ಲೇ ಉಳಿಯಿತು.

"ನೀವು ಅವಳನ್ನ ನೋಡಿದೀರಾ?" ಎಂದು ಕಷ್ಟಪಟ್ಟು ಕೇಳಿದೆ.

"ಇಲ್ಲಪ್ಪ, ದೇವರು ದೊಡ್ಡವನು. ಆದ್ರೆ ಆ ಆಶ್ಚರ್ಯಸೂಚಕ ಚಿಹ್ನೆಗಳನ್ನ ನೋಡಿದ್ರೇ ಗೊತ್ತಾಗುತ್ತಲ್ಲ. ಐದು! ನಾನು ನಲವತ್ತು ವರ್ಷ ಮಕ್ಕಳಿಗೆ ವ್ಯಾಕರಣ ಹೇಳ್ಕೊಟ್ಟವಳು, ಒಟ್ಟಿಗೆ ಐದು ಹಾಕಿದವಳನ್ನ ಕಂಡಿಲ್ಲ. ಮೂರನೇ ಮಹಡಿಯವರು, ಆ ಬಾಸೆಲ್‌ನ ಅಕ್ಕತಂಗಿಯರು, ಯಾರೂ ಹೋಗಲ್ಲ. ನಾವೆಲ್ಲ ಅವಳಿಗೆ ಒಂದು ಹೆಸರಿಟ್ಟಿದೀವಿ."

"ಏನಂತ?"

"ಬಿಳಿ ಭೂತ." ಶ್ರೀಮತಿ ಹೆಲ್ಬ್ಲಿಂಗ್ ಕಿಸಕ್ಕನೆ ನಕ್ಕರು. "ಅಯ್ಯೋ, ನೀವೇನು ಹಾಗೆ ಕೆಂಪಗಾದ್ರಿ? ಹುಷಾರಾಗಿದೀರಾ?"

ನೆನೆಸಿದ ಓಟ್ಸ್ ಗಂಟಲಿಗೆ ಸಿಕ್ಕಿತು ಎಂದೆ. ಪೂರ್ತಿ ಸುಳ್ಳೂ ಅಲ್ಲ.

ಕೋಣೆಗೆ ಬಂದು ಬೀರುವಿನ ಮುಂದೆ ಕೂತೆ. ನನ್ನ ಸೂಚನೆಯನ್ನು ಅತಿಥಿಯ ಕಣ್ಣಿನಿಂದ ಓದಿದೆ. ಒಮ್ಮೆ, ಎರಡು ಸಲ, ಮೂರು ಸಲ. ಹನ್ನೊಂದು ವರ್ಷ ಯಾರೂ ಲಾಂಡ್ರಿಗೆ ಬರಲಿಲ್ಲವೆಂದರೆ ಯಾರೂ ಕಲೆ ಮಾಡಲಿಲ್ಲವೆಂದಲ್ಲ. ಹೆಚ್ಚುಕಮ್ಮಿ ಯಾರೂ ಸ್ನಾನಕ್ಕೇ ಇಳಿಯಲಿಲ್ಲ. ಕಲೆಯೊಂದಿಗೆ ಅಪರಿಚಿತ ಹೆಂಗಸಿನ ಮುಂದೆ ನಿಂತು ತಪ್ಪೊಪ್ಪಿಕೊಳ್ಳುವುದಕ್ಕಿಂತ ನಮ್ಮ ಜನ ಮಂಡಿನೋವಿನಲ್ಲೇ ಸಾಯುತ್ತಾರೆ. ಈ ದೇಶದಲ್ಲಿ ಹುಟ್ಟಿ ಅರವತ್ತನಾಲ್ಕು ವರ್ಷವಾದ ನನಗೆ ಅಷ್ಟು ತಿಳಿಯಬಾರದೇ? ಪೇಡರ್‌ನ ಸ್ನಾನ ಖಾಲಿಯಾದದ್ದು ಕಾಲ ಬದಲಾಗಿ ಅಲ್ಲ. ಖಾಲಿ ಮಾಡಿದವಳು ನಾನು, ಐದು ಆಶ್ಚರ್ಯಸೂಚಕಗಳಿಂದ.

ನನಗೆ ನಾಚಿಕೆಯಾಯಿತು. ಆಮೇಲೆ ಸಿಟ್ಟು ಬಂತು. ಆಮೇಲೆ ಸ್ನಾನಕ್ಕೆ ಹೋಗಲು ಎದ್ದೆ. ನಿಲುವಂಗಿಗೆ ಕೈ ಹಾಕಿದರೆ ಕೈ ಬಾರದು! ನನ್ನ ಸೂಚನೆಯನ್ನು ಮೀರುವುದು ನನಗೇ ಸಾಧ್ಯವಾಗಲಿಲ್ಲ. ಕೊನೆಗೆ ನನ್ನ ಹಳೆಯ ಹಸಿರು ಮಳೆಕೋಟು ಹಾಕಿಕೊಂಡು, ಬರಿಗಾಲಲ್ಲಿ, ಬಿಸಿಲು ಕಾಯುತ್ತಿದ್ದ ಅಂಗಳದ ಬದಿಯಿಂದ ಮೆಟ್ಟಿಲಿಳಿದೆ. ಅಲ್ಲಿ ಕಾಫಿ ಕುಡಿಯುತ್ತಿದ್ದವರು ಆಕಾಶ ನೋಡಿದರು. ಒಂದು ಮೋಡವೂ ಇರಲಿಲ್ಲ.

ಪೇಡರ್ ಆರು ತಾಮ್ರದ ತೊಟ್ಟಿಗಳ ನಡುವೆ ಸ್ಟೂಲಿನ ಮೇಲೆ ಕೂತು ಪತ್ರಿಕೆ ಓದುತ್ತಿದ್ದ. ನನ್ನನ್ನು ನೋಡಿ ಪತ್ರಿಕೆ ಮಡಚಿದ.

"ಏನೇ, ಮಳೆ ಬರೋ ಹಾಗಿದ್ಯಾ?"

"ಬಾಯ್ಮುಚ್ಕೊಂಡು ನೀರು ಬಿಡು."

"ಮೂವತ್ತೊಂದು ವರ್ಷ ಆದ್ಮೇಲೆ! ಇವತ್ತು ಸೂರ್ಯ ಎಲ್ಲಿ ಹುಟ್ದ ಅಂತ ನೋಡ್ಬೇಕಿತ್ತು." ಅವನು ನಲ್ಲಿ ತಿರುಗಿಸಿ, ಮರದ ತಡಿಕೆಯ ಆಚೆಗೆ ಹೋಗಿ, ನಾನು ಇಳಿಯುವವರೆಗೆ ಬೆನ್ನು ತಿರುಗಿಸಿ ನಿಂತ. ಆಮೇಲೆ ತೊಟ್ಟಿಯ ಮೇಲೆ ಕುತ್ತಿಗೆಯವರೆಗೆ ಹಲಗೆ ಮುಚ್ಚಿದ. ತಲೆ ಮಾತ್ರ ಹೊರಗೆ.

ನೀರು ತಣ್ಣಗಿತ್ತು. ಅಂದರೆ ಐಸಿನಂತಲ್ಲ, ಮರೆತುಹೋದ ಚಹಾದಂತೆ. "ಇದಕ್ಕೇನಾ ಇಷ್ಟೆಲ್ಲಾ?" ಎಂದು ಹಲಗೆಯಡಿ ಕೈಯಾಡಿಸಿದೆ.

"ಅಲ್ಲಾಡಬೇಡ! ಗುಳ್ಳೆ ಹೋಗುತ್ತೆ."

"ಯಾವ ಗುಳ್ಳೆ?"

"ಮೈಮೇಲೆ ಕೂರುತ್ತೆ. ಅಲ್ಲಾಡದೆ ಇದ್ರೆ. ಇಪ್ಪತ್ತು ನಿಮಿಷ. ನಿನ್ನ ಜನ್ಮದಲ್ಲಿ ಅಷ್ಟು ಹೊತ್ತು ಸುಮ್ನೆ ಕೂತಿದೀಯೇನೇ?"

ಇರಲಿಲ್ಲ. ಮೂರನೇ ನಿಮಿಷಕ್ಕೆ ಮೂಗು ತುರಿಸಿತು. ಐದನೇ ನಿಮಿಷಕ್ಕೆ ಎದುರು ಗೋಡೆಯಲ್ಲಿ ತೂಗುತ್ತಿದ್ದ ಟವೆಲಿನ ಮಡಿಕೆ ಸೊಟ್ಟಗಿರುವುದು ಕಂಡಿತು. ಹಲ್ಲು ಕಚ್ಚಿ ಕಣ್ಣು ಮುಚ್ಚಿಕೊಂಡೆ. ಆಮೇಲೆ ನಿಧಾನವಾಗಿ ಒಂದು ಸಂಗತಿ ನಡೆಯಿತು. ಸಾಸಿವೆ ಕಾಳಿನಂಥ ಸಾವಿರಾರು ಗುಳ್ಳೆಗಳು ಬಂದು ಮೈಗೆಲ್ಲ ಕೂತವು. ನೀರು ತಣ್ಣಗೇ ಇತ್ತು, ಆದರೆ ನನ್ನ ಮೈ ಬೆಚ್ಚಗಾಗತೊಡಗಿತು. ಕಾಲ ಬೆರಳಿನಿಂದ ಶುರುವಾಗಿ ಮಂಡಿ, ತೊಡೆ, ಕೊನೆಗೆ ಆ ಹಾಳು ಬೆನ್ನು. ಹನ್ನೊಂದು ವರ್ಷದಿಂದ ಬಿಗಿಹಿಡಿದು ಕೂತಿದ್ದ ಅದು ಹಿಡಿ ಸಡಿಲಿಸಿತು. ಒಳ್ಳೆಯದೆನ್ನಿಸಿತು. ಎಷ್ಟು ಒಳ್ಳೆಯದೆಂದರೆ ನನಗೆ ಅಳು ಬಂತು, ಒರೆಸಿಕೊಳ್ಳಲು ಕೈಯೆತ್ತುವಂತಿರಲಿಲ್ಲ.

"ಪೇಡರ್," ಎಂದೆ. "ಇದು ಖಾಲಿ ಆಗಿದ್ದು ಬೀರುವಿನೊಳಗಿನ ನನ್ನ ಚೀಟಿಯಿಂದ."

ಅವನು ಗೋಡೆಯ ಮರಳುಗಡಿಯಾರವನ್ನು ನೋಡುತ್ತಾ ನಿಂತಿದ್ದ. "ಹೂಂ."

"ಹೂಂ ಅಂದ್ರೆ? ನಿನಗೆ ಗೊತ್ತಿತ್ತಾ?"

"ಚೀಟಿ ಅಂಟಿಸಿದ ತಿಂಗಳಲ್ಲೇ ಅರ್ಧಕ್ಕಿಂತ ಜಾಸ್ತಿ ಜನ ಕಮ್ಮಿ ಆದ್ರು. ಗೊತ್ತಾಗದೆ ಇರುತ್ತಾ?"

"ಮತ್ತೆ ಬಾಯಲ್ಲೇನು ಕಡುಬಿತ್ತಾ? ಯಾಕೋ ಹೇಳ್ಲಿಲ್ಲ?"

"ಅಲ್ಲಾಡಬೇಡ."

"ಪೇಡರ್!"

"ಆ ವರ್ಷ ನಿನ್ನ ಬೆನ್ನು ಹೋಗಿತ್ತಲ್ಲ. ಲಿಫ್ಟಿನಿಂದ ಬುಟ್ಟಿ ಎತ್ತೋವಾಗ ನೀನು ನರಳ್ತಿದ್ದೆ, ಆ ಕೊಳವೆಯಲ್ಲಿ ನಂಗೆ ಕೇಳಿಸ್ತಿತ್ತು. ಚೀಟಿ ಬಂದ್ಮೇಲೆ ದಿನಕ್ಕೆ ಮೂವತ್ತು ಚಾದರ ಇದ್ದದ್ದು ಹತ್ತಾಯ್ತು, ಈಗಂತೂ ವಾರಕ್ಕೆ ನಾಲ್ಕು. ನರಳೋದು ನಿಂತ್ಹೋಯ್ತು. ಇರ್ಲಿ ಬಿಡು, ಬೆನ್ನು ಸರಿಹೋದ್ಮೇಲೆ ಹೇಳೋಣ ಅಂದ್ಕೊಂಡೆ. ನಿನ್ನ ಬೆನ್ನು ಸರಿಹೋಗ್ಲೇ ಇಲ್ಲ."

ತೊಟ್ಟಿಯಿಂದ ಎದ್ದು ಅವನಿಗೆ ಎರಡು ಬಾರಿಸಬೇಕೆನ್ನಿಸಿತು. ತಲೆ ಮಾತ್ರ ಹೊರಗಿರುವ ಹೆಂಗಸು ಯಾರನ್ನು ತಾನೇ ಬಾರಿಸಲು ಸಾಧ್ಯ?

"ದಡ್ಡ," ಎಂದೆ. "ಈ ತೊಟ್ಟಿಯಲ್ಲಿ ವಾರಕ್ಕೊಂದು ಸಲ ನನ್ನ ಮುಳುಗಿಸಿದ್ರೆ ಸರಿಹೋಗ್ತಿತ್ತು."

"ಅದನ್ನ ದಿನಾ ಚೀಟಿಯಲ್ಲಿ ಬರೀತಿದ್ನಲ್ಲೇ! ಕಬ್ಬಿಣ ಒಳ್ಳೇದು, ಕಬ್ಬಿಣ ಒಳ್ಳೇದು ಅಂತ. ನೀನು ನನ್ನ ತಲೆ ಮೇಲೆ ಬೀಳ್ಲಿ ಅಂತಿದ್ದೆ." ಅವನು ನಕ್ಕ. ನಾನೂ ನಕ್ಕೆ. ಗುಳ್ಳೆಗಳೆಲ್ಲ ಎದ್ದುಹೋದವು, ಮತ್ತೆ ಮೊದಲಿನಿಂದ ಇಪ್ಪತ್ತು ನಿಮಿಷ ಕೂರಿಸಿದ.

"ಸೋಮವಾರ ಮುಚ್ತಾರಂತಲ್ಲ," ಎಂದು ಅವನು ಚಾದರ ಹೊದಿಸುವಾಗ ಕೇಳಿದ. ಅದು ಹವಾಮಾನದ ಮಾತೇನೋ ಎಂಬ ಹಾಗೆ ಕೇಳಿದ. ಆದರೆ ಸರಿಯಾಗಿಯೇ ಸುತ್ತಿದ್ದ ಚಾದರವನ್ನು ಬಿಚ್ಚಿ ಮತ್ತೆ ಸುತ್ತಿದ.

"ನೋಡೋಣ," ಎಂದೆ.

ಅಂದು ಮಧ್ಯಾಹ್ನವೆಲ್ಲ ಕೂತು ವರದಿ ಬರೆದೆ. ಬಾರ್ಲಿ ಸೂಪು ಚೆನ್ನಾಗಿದೆ, ಆದರೆ ಆರಿಹೋಗಿ ಬರುತ್ತದೆ. ವಿಶ್ರಾಂತಿ ಕೋಣೆಯ ಕೊಳಲಿನ ಸಂಗೀತವನ್ನು ನಿಲ್ಲಿಸಿದರೆ ವಿಶ್ರಾಂತಿ ಸಿಗುತ್ತದೆ. ಮಸಾಜು ಮಾಡುವವಳ ಕೈ ಒಳ್ಳೆಯದು, ಬಾಯಿಗೆ ವಿರಾಮ ಬೇಕು. ಇದೆಲ್ಲ ಸಲೀಸಾಗಿ ಬಂತು. ಆಮೇಲಿನ ಪ್ಯಾರಾಕ್ಕೆ ಬಂದಾಗ ಪೆನ್ನು ನಿಂತಿತು. ನನ್ನ ಬಳಿ ಇದ್ದದ್ದು ಒಂದೇ ಒಂದು ಹೆಸರು. ಬಿಳುಪಿನವಳು ಎಂಬ ಹೆಸರು. ಬಿಟ್ಟು ಹೊರಡುವ ವಾರದಲ್ಲಿ ಅದಕ್ಕೇ ಕಲೆ ಹಚ್ಚಬೇಕಿತ್ತು, ಅದೂ ನನ್ನ ಕೈಯಾರೆ, ಮಾಲೀಕರು ಓದುವ ಹಾಳೆಯ ಮೇಲೆ. ಕೋಣೆಯಲ್ಲಿ ನಾಲ್ಕು ಸುತ್ತು ತಿರುಗಿದೆ. ಸರಿಯಾಗಿಯೇ ಇದ್ದ ದಿಂಬಿನ ಚೀಲವನ್ನು ಮತ್ತೊಮ್ಮೆ ಸರಿಮಾಡಿದೆ. ಆಮೇಲೆ ಕೂತು ಬರೆದೆ.

"ಕೆಂಪುನೀರಿನ ಸ್ನಾನಕ್ಕೆ ಜನ ಬರುವುದಿಲ್ಲ, ನಿಜ. ಬರದಂತೆ ಮಾಡಿದವಳು ನಾನು. ನನಗೆ ಬಟ್ಟೆಯ ಬಿಳುಪು ಕಾಣಿಸುತ್ತಿತ್ತು, ಬಟ್ಟೆಯೊಳಗಿನ ಮನುಷ್ಯರು ಕಾಣಿಸುತ್ತಿರಲಿಲ್ಲ. ಆ ನೀರು ನನ್ನ ಬೆನ್ನಿಗೆ ಒಂದು ದಿನದಲ್ಲಿ ಮಾಡಿದ್ದನ್ನು ಡಾಕ್ಟರು ಹನ್ನೊಂದು ವರ್ಷದಲ್ಲಿ ಮಾಡಲಿಲ್ಲ. ಮುಚ್ಚಬೇಕಾದದ್ದು ಸ್ನಾನವನ್ನಲ್ಲ, ನನ್ನ ಫೈಲನ್ನು."

ಭಾನುವಾರ ಬೆಳಿಗ್ಗೆ ನಾನು ಬೀರು ತೆರೆದು ಬಿಳಿ ನಿಲುವಂಗಿ ತೆಗೆದೆ. ಹಾಕಿಕೊಂಡೆ, ಸೊಂಟದ ಪಟ್ಟಿ ಬಿಗಿದೆ, ನೆಲಮಾಳಿಗೆಗೆ ಹೋಗಿ ಸ್ನಾನ ಮಾಡಿದೆ. ಆಮೇಲೆ ಮೈ ಒರೆಸದೆ ಅದೇ ನಿಲುವಂಗಿ ತೊಟ್ಟೆ. ಹೆಗಲಲ್ಲಿ, ಬೆನ್ನಲ್ಲಿ, ತೋಳಲ್ಲಿ ಕಂದು ಮಚ್ಚೆಗಳು ಮೂಡಿದವು. ಪೇಡರ್ ಬಾಯಿ ಬಿಟ್ಟುಕೊಂಡು ನೋಡುತ್ತಿದ್ದ. ನಾನು ಮೆಟ್ಟಿಲು ಹತ್ತಿ ನೇರ ತಿಂಡಿಯ ಹಜಾರಕ್ಕೆ ನಡೆದೆ.

ಎಲ್ಲರ ತಲೆಯೂ ನನ್ನ ಕಡೆ ತಿರುಗಿತು. ಶ್ರೀಮತಿ ಹೆಲ್ಬ್ಲಿಂಗ್ ಎದ್ದೇ ನಿಂತರು.

"ನಿಮ್ಮ ಬಟ್ಟೆ!" ಎಂದು ಪಿಸುಗುಟ್ಟಿದರು. "ಅವಳು ನಿಮ್ಮನ್ನ ಬಿಡಲ್ಲ!"

"ಯಾರು?"

"ಆ ಬಿಳಿ ಭೂತ!"

"ಶ್ರೀಮತಿ ಹೆಲ್ಬ್ಲಿಂಗ್," ಎಂದೆ, ಎಲ್ಲರಿಗೂ ಕೇಳುವಂತೆ. "ಬಿಳಿ ಭೂತ ಅಂದ್ರೆ ನಾನೇ. ಆ ಚೀಟಿ ಬರೆದವಳೂ ನಾನೇ. ಅದನ್ನ ಹರಿದುಹಾಕಿ. ತುಕ್ಕಿನ ಕಲೆ ನಿಂಬೆ ಉಪ್ಪಿಗೆ ಹೋಗುತ್ತೆ. ಮಂಡಿನೋವು ಹೋಗಲ್ಲ. ಕೆಳಗೆ ಆರು ತೊಟ್ಟಿ ಖಾಲಿ ಇವೆ."

ಅವರ ಮುಖದ ಮೇಲೆ ಬಂದು ಹೋದ ಬಣ್ಣಗಳನ್ನು ನಾನು ಸಾಯುವವರೆಗೂ ಮರೆಯುವುದಿಲ್ಲ. ಬಿಳಿ, ಕೆಂಪು, ಮತ್ತೆ ಬಿಳಿ. ಆಮೇಲೆ ಅವರು ಕರವಸ್ತ್ರದಿಂದ ಬಾಯೊರೆಸಿಕೊಂಡು, ಟೀಚರಿನ ದನಿಯಲ್ಲಿ, "ಐದು ಜಾಸ್ತಿಯಾಯ್ತು. ಒಂದು ಸಾಕಿತ್ತು," ಎಂದರು. "ತೊಟ್ಟಿಗೆ ಈಗ್ಲೇ ಹೋಗ್ಬಹುದಾ?"

ಅವರ ಹಿಂದೆ ಬಾಸೆಲ್‌ನ ಅಕ್ಕತಂಗಿಯರು ಎದ್ದರು. ಅವರ ಹಿಂದೆ ಮೂರನೇ ಮಹಡಿಯವರು. ಒಬ್ಬರು ಸಾಲಿನಲ್ಲಿ ನಿಂತರೆ ಉಳಿದವರಿಗೆ ಸಾಲು ನಿಲ್ಲದೆ ಇರಲಾಗುವುದಿಲ್ಲ, ಅದು ನಮ್ಮ ಜನರ ಗುಣ. ಹತ್ತು ಗಂಟೆಯ ಹೊತ್ತಿಗೆ ನೆಲಮಾಳಿಗೆಯ ಮೆಟ್ಟಿಲಿನುದ್ದಕ್ಕೂ ಬಿಳಿ ನಿಲುವಂಗಿಗಳು ಸಾಲಾಗಿ ನಿಂತಿದ್ದವು. ತೊಟ್ಟಿಯ ಮೇಲೆ ಟವೆಲ್ ಹಾಸಿ ಜಾಗ ಹಿಡಿಯಲು ನೋಡಿದ ಒಬ್ಬರನ್ನು ಪೇಡರ್ ಗದರಿಸಿದ್ದು ಮೇಲಿನವರೆಗೂ ಕೇಳಿಸಿತು.

ವಿಡ್ಮರ್ ತಮ್ಮ ಕೋಣೆಯಲ್ಲಿ ನಿಂತೇ ನನ್ನ ವರದಿ ಓದಿದರು. ಓದುತ್ತಾ ಓದುತ್ತಾ ಅವರ ನಗು ಮಾಯವಾಯಿತು. ನಗದ ವಿಡ್ಮರನ್ನು ನಾನು ಕಂಡದ್ದು ಅದೇ ಮೊದಲು, ಅದು ಒಳ್ಳೆಯ ಶಕುನ ಎನ್ನಿಸಿತು.

"ಇದನ್ನ ಸಭೆಯಲ್ಲಿ ಓದ್ಬೇಕು. ನಿಮ್ಮ ಹೆಸರು ತೆಗೆದು ಓದ್ಲಾ?"

"ಹೆಸರು ಸಮೇತ ಓದಿ. ಕಲೆ ಮಾಡಿದವರು ಯಾರು ಅಂತ ಗೊತ್ತಾಗ್ಬೇಕು. ನನ್ನ ಲಾಂಡ್ರಿಯ ನಿಯಮ ಅದು."

ಅವರು ಕಿಟಕಿಯಿಂದ ಮೆಟ್ಟಿಲ ಮೇಲಿನ ಸಾಲನ್ನು ನೋಡಿದರು. "ಮುಚ್ಚೋದು ಬೇಡ ಅಂತ ಹೇಳ್ತೀನಿ. ಒಂದು ವರ್ಷ ಚೀಟಿ ಇಲ್ದೆ ನಡೆಸಿ ನೋಡೋಣ. ಪೇಡರ್ ಇರ್ಲಿ." ಮತ್ತೆ ಮುಗುಳ್ನಕ್ಕು, "ಬಿಳಿ ನಿಲುವಂಗಿ ಬದಲು ಕಂದು ಬಣ್ಣದ್ದು ತರಿಸಿದ್ರೆ ಹೇಗೆ?" ಎಂದರು.

ಮೂವತ್ತೊಂದು ವರ್ಷದಲ್ಲಿ ಇದು ನನಗೆ ಹೊಳೆಯಲೇ ಇಲ್ಲವಲ್ಲ! ಆ ಬಯಲು ನಾಡಿನ ಮನುಷ್ಯನನ್ನು ಅಪ್ಪಿಕೊಳ್ಳಬೇಕೆನ್ನಿಸಿತು. ಒದ್ದೆ ಕಲೆಯ ನಿಲುವಂಗಿ ಅಡ್ಡ ಬಂತು.

ಮನೆಗೆ ಹೊರಡುವ ಮುಂಚೆ ಒಂದು ಕೆಲಸ ಬಾಕಿ ಇತ್ತು. ನಿಲುವಂಗಿಯನ್ನು ಮಡಚಿ ಕಂಕುಳಲ್ಲಿಟ್ಟುಕೊಂಡು ಲಾಂಡ್ರಿಯ ಬಾಗಿಲು ತಟ್ಟಿದೆ. ತಟ್ಟಿದ್ದು ಅದೇ ಮೊದಲು. ನನ್ನ ಜಾಗಕ್ಕೆ ಬಂದಿದ್ದ ಚಾತ್ರಿನಾ ಬಾಗಿಲು ತೆರೆದಳು. ಹದಿನೆಂಟು ವರ್ಷ ನನ್ನ ಕೈಕೆಳಗೆ ಪಳಗಿದವಳು.

"ಏನು ಬೇಕಿತ್ತು?" ಎಂದಳು. ಮುಖದಲ್ಲಿ ಒಂದು ಗೆರೆಯೂ ಅಲ್ಲಾಡಲಿಲ್ಲ. ನಾನು ಕಲಿಸಿದ ಹಾಗೆಯೇ.

"ಕಲೆ ಮಾಡಿದೀನಿ. ಖುದ್ದಾಗಿ ವರದಿ ಮಾಡೋಕೆ ಬಂದೆ."

ಅವಳು ಕಪಾಟಿನಿಂದ ಆ ಪುಸ್ತಕ ತೆಗೆದು, ಧೂಳು ಹೊಡೆದು, ಮೊದಲನೇ ಪುಟ ಬಿಡಿಸಿದಳು. ನನ್ನ ಗೆರೆಗಳು, ನನ್ನ ಅಕ್ಷರದ ತಲೆಬರಹಗಳು. ಕೆಳಗೆ ಹನ್ನೊಂದು ವರ್ಷದ ಖಾಲಿ ಜಾಗ.

"ಕೋಣೆ?"

"ಹದಿನಾಲ್ಕು."

"ಕಲೆಯ ಬಗೆ?"

"ತುಕ್ಕು."

"ಕಾರಣ?"

ಏನು ಹೇಳುವುದೆಂದು ಒಂದು ಕ್ಷಣ ಯೋಚಿಸಿದೆ. "ಬೆನ್ನುನೋವು," ಎಂದೆ. "ಹನ್ನೊಂದು ವರ್ಷದ್ದು. ಬರ್ಕೋ."

ಅವಳು ಬರೆದುಕೊಳ್ಳುತ್ತಿದ್ದಂತೆ ಬಟ್ಟೆ ಲಿಫ್ಟಿನ ಗಂಟೆ ಬಾರಿಸಿತು. ಬಾಗಿಲು ತೆಗೆದರೆ ಒಳಗೆ ಚಾದರಗಳು, ಉಸಿರಾಡಲೂ ಜಾಗವಿಲ್ಲದಂತೆ ತುರುಕಿದ ಕಂದು ಕಲೆಯ ಚಾದರಗಳು. ಮೇಲೊಂದು ಚೀಟಿ. "ಇವತ್ತು ಮೂವತ್ತಾರು. ಚಾತ್ರಿನಾ, ಕ್ಷಮಿಸಮ್ಮ. ಆ ಮುದುಕಿ ಅಲ್ಲೇ ಇದ್ರೆ ಅವಳ ಕೈಲಿ ಎತ್ತಿಸ್ಬೇಡ, ಬೆನ್ನು ಈಗ ತಾನೇ ಸರಿಹೋಗಿದೆ. ನಾನೇ ಮೇಲೆ ಬಂದು ಎತ್ತಿಕೊಡ್ತೀನಿ."

ಚಾತ್ರಿನಾ ನನ್ನ ಮುಖ ನೋಡಿದಳು. ಎತ್ತಲೆಂದು ನಾನು ಆಗಲೇ ಅಂಗಿಯ ತೋಳು ಮೇಲೇರಿಸಿಯಾಗಿತ್ತು. ಕೆಳಗಿನಿಂದ ಮೆಟ್ಟಿಲು ಹತ್ತಿ ಬರುವ ಪೇಡರ್‌ನ ಹೆಜ್ಜೆ ಸದ್ದು ಕೇಳಿಸಿತು. ಮೂವತ್ತೊಂದು ವರ್ಷದಲ್ಲಿ ಒಮ್ಮೆಯೂ ಅವನು ನನ್ನ ಲಾಂಡ್ರಿಯೊಳಗೆ ಕಾಲಿಟ್ಟವನಲ್ಲ, ನಾನು ಬಿಟ್ಟವಳೂ ಅಲ್ಲ. ತೋಳು ಇಳಿಸಿ, ಬಾಗಿಲಿನ ಹೊರಗೆ ಅಂಟಿಸಿದ್ದ ನನ್ನ ಇನ್ನೊಂದು ಸೂಚನೆಯನ್ನು, ಸ್ನಾನದ ಸಿಬ್ಬಂದಿಗೆ ಒಳಗೆ ಪ್ರವೇಶವಿಲ್ಲ ಎಂಬುದನ್ನು, ಅವನು ಕೊನೆಯ ಮೆಟ್ಟಿಲು ಹತ್ತುವಷ್ಟರಲ್ಲಿ ಕಿತ್ತು ಜೇಬಿಗೆ ತುರುಕಿಕೊಂಡೆ.